ಪಕ್ಕದವರು ಬಂದ್ರಾ?

ನವೆಂಬರ್ 9

ಅಭಿಮಾನಿ ಸಂಘದವರು ಕೊನೆಗೂ ಆ ಬಸ್ಸನ್ನು ನನ್ನ ತಲೆಗೇ ಕಟ್ಟಿದರು. ನಮ್ಮ ಥಾರ್ನ್‌ಕ್ಲಫ್ ಟೌನ್ ತಂಡ ಪರ ಊರಿನಲ್ಲಿ ಆಡುವಾಗಲೆಲ್ಲ ಅಭಿಮಾನಿಗಳನ್ನು ತುಂಬಿಕೊಂಡು ಹೋಗಿ, ಸೋತ ಮುಖಗಳನ್ನು ತುಂಬಿಕೊಂಡು ವಾಪಸು ಬರುವ ಬಸ್ಸು. ನಾನು ಮದುವೆಯಾಗಿ ಬಂದಾಗಿನಿಂದ ಅದರ ಉಸ್ತುವಾರಿಯನ್ನು ನನ್ನ ಗಂಡ ಆಲ್ವಿನ್ ನೋಡಿಕೊಳ್ಳುತ್ತಿದ್ದರು. ಆಗಸ್ಟಿನಲ್ಲಿ ಅವರು ತೀರಿಹೋದ ಮೇಲೆ ಯಾರೂ ಮುಂದೆ ಬರಲಿಲ್ಲ. "ಗ್ಲೆನಿಸ್, ನೀನು ಮಾಡಿದ್ರೆ ಅವನೇ ಮಾಡಿದ ಹಾಗೆ ಕಣಮ್ಮ" ಎಂದು ವಿಲ್ಫ್ ಮುದುಕ ಕಣ್ಣೊರೆಸಿಕೊಂಡ. ಆ ಕಣ್ಣೀರಿಗೆ ನಾನು ಕರಗಿದೆ, ದಡ್ಡಿ.

ಫುಟ್ಬಾಲ್ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ: ಗೆದ್ದರೆ ಹಾಡಿಕೊಂಡು ಬರುತ್ತಾರೆ, ಸೋತರೆ ಊಟ ಬೇಡ ಎನ್ನುತ್ತಾರೆ. ಆಫ್‌ಸೈಡ್ ಎಂದರೇನೆಂದು ಆಲ್ವಿನ್ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ ಇಟ್ಟು ಎಷ್ಟೋ ಸಲ ಹೇಳಿಕೊಟ್ಟರು. ನನ್ನ ತಲೆಗೆ ಹತ್ತಲಿಲ್ಲ, ಹತ್ತುವುದು ಬೇಕಾಗಿಯೂ ಇರಲಿಲ್ಲ.

ಅದರ ಮೇಲೆ ಹೊಸ ತಲೆನೋವು. ಕ್ರಿಸ್‌ಮಸ್ ಮರುದಿನದ ಪಂದ್ಯ ಸ್ಟೇನ್‌ಮೌತ್‌ನಲ್ಲಂತೆ. ಬೆಟ್ಟ ಹತ್ತಿ ಇಳಿದು ಆ ಕಡೆಯ ಸಮುದ್ರದ ತನಕ ಹೋಗಬೇಕು. ಅವತ್ತು ರೈಲು ಒಂದೂ ಓಡುವುದಿಲ್ಲ, ಊರ ಬಸ್ಸುಗಳೂ ಇಲ್ಲ. ಜನಕ್ಕೆ ರಜೆ ಕೊಟ್ಟಿದ್ದಾರೆ, ಪಂದ್ಯ ಕೊಟ್ಟಿದ್ದಾರೆ, ಹೋಗುವ ದಾರಿ ಮಾತ್ರ ಕೊಟ್ಟಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂದ ಹಾಗೆ. ಯಾವಾಗಲೂ ರೈಲಿನಲ್ಲಿ ಹೋಗುವವರೆಲ್ಲ ಈಗ ನನಗೆ ಫೋನ್ ಮಾಡುತ್ತಿದ್ದಾರೆ.

ನವೆಂಬರ್ 16

ಮೊದಲ ಪ್ರಯಾಣ ಮುಗಿಯಿತು. ಚಳಿ, ಮಳೆ, ಸೋಲು.

ಈ ಬಸ್ಸಿಗೆ ಆಲ್ವಿನ್ ಮಾಡಿದ ಒಂದು ಕಟ್ಟುಪಾಡಿದೆ. ವಾಪಸು ಹೊರಡುವ ಮುಂಚೆ ಯಾರೂ ತಮ್ಮ ಪರವಾಗಿ ತಾವೇ "ಬಂದಿದ್ದೀನಿ" ಅನ್ನುವ ಹಾಗಿಲ್ಲ. ಕುಡಿದವನು ಪಬ್ಬಿನ ಬಾಗಿಲಲ್ಲಿ ನಿಂತೂ "ಬಂದೆ" ಅಂತಾನೆ, ಅವನ ಪಕ್ಕದವನು ಸುಳ್ಳು ಹೇಳುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಹಾಗಾಗಿ ಸಾಲು ಸಾಲಿಗೂ ಹೋಗಿ "ಪಕ್ಕದವರು ಬಂದ್ರಾ?" ಎಂದು ಕೇಳಬೇಕು. ಒಬ್ಬರಿಗೊಬ್ಬರು ಉತ್ತರ ಕೊಡಬೇಕು. ಕೊನೆಗೆ ಡ್ರೈವರ್ ನನ್ನನ್ನು ಕೇಳಬೇಕು. ಈ ಬಸ್ಸು ಇವತ್ತಿನವರೆಗೆ ಯಾರನ್ನೂ ಬಿಟ್ಟು ಬಂದಿಲ್ಲ ಎಂಬ ಜಂಬ ಇವರಿಗೆಲ್ಲ ಇದೆ.

ಮುಂದಿನ ಸಾಲಿನಲ್ಲಿ, ಬಾಗಿಲ ಹಿಂದೆ, ಕಿಟಕಿ ಪಕ್ಕದ ಸೀಟು ಆಲ್ವಿನ್ ಅವರದು. ಈ ಸೀಸನ್ ಮುಗಿಯುವ ತನಕ ಅಲ್ಲಿ ಯಾರೂ ಕೂರಬಾರದೆಂದು ಸಂಘದವರು ತೀರ್ಮಾನಿಸಿದ್ದಾರೆ. ಅದರ ಪಕ್ಕ ನಾನು. ಡ್ರೈವರ್ ನಸೀರ್ ಮರೆತು ಕೇಳಿಯೇಬಿಟ್ಟ. "ನಿಮ್ಮ ಪಕ್ಕ, ಆಂಟಿ?"

"ನನ್ನ ಪಕ್ಕ ಯಾರೂ ಇಲ್ಲ" ಎಂದೆ.

ನಸೀರ್ "ಸಾರಿ ಆಂಟಿ, ಬಾಯಿಗೆ ಬಂದುಬಿಡ್ತು" ಎಂದು ಮುಖ ಸಣ್ಣ ಮಾಡಿಕೊಂಡ. ಮನೆಗೆ ಬರುವ ತನಕ ಯಾರೂ ಹಾಡಲಿಲ್ಲ. ನನಗೆ ತುಂಬಾ ಸಂಕಟವಾಯಿತು.

ನವೆಂಬರ್ 30

ಇವತ್ತು ನಸೀರ್ ಕೇಳಲು ಹಿಂಜರಿಯುತ್ತಿದ್ದ. ನಾನೇ "ಕೇಳಪ್ಪ, ಕಟ್ಟುಪಾಡು ಕಟ್ಟುಪಾಡೇ" ಎಂದೆ. ಕೇಳಿದ. "ಬಂದಿದ್ದಾರೆ" ಎಂದೆ.

ಹಿಂದಿನ ಸೀಟಿನಿಂದ ವಿಲ್ಫ್ ಚಪ್ಪಾಳೆ ತಟ್ಟಿದ, ಆಮೇಲೆ ಎಲ್ಲರೂ ತಟ್ಟಿದರು. ಎಷ್ಟು ಹಗುರವಾಯಿತೆಂದರೆ, ಸೋತಿದ್ದರೂ ಹಾಡಿಕೊಂಡೇ ಬಂದೆವು. ಒಂದು ಮಾತು, ಯಾರಿಗೂ ನಷ್ಟವಿಲ್ಲ.

ಬೆಟ್ಟದ ಮೇಲೆ ಮಂಜು ಕವಿದು ಕಿಟಕಿಗಳೆಲ್ಲ ಬೆಳ್ಳಗಾಗಿದ್ದವು. ಅವರ ಕಿಟಕಿಯಲ್ಲಿ ಮಾತ್ರ ಅಂಗೈಯಗಲ ಗಾಜು ಒರೆಸಿತ್ತು, ಒಳಗಿನಿಂದ. ಹಾದಿ ನೋಡಲು ಆಲ್ವಿನ್ ಹಾಗೆ ಒರೆಸುತ್ತಿದ್ದರು. ಯಾರೋ ತಮಾಷೆ ಮಾಡಿರಬೇಕು. ತಮಾಷೆಗೂ ಒಂದು ಮಿತಿ ಬೇಡವೇ?

ಡಿಸೆಂಬರ್ 5

ಬಸ್ಸು ಬಾಡಿಗೆಗೆ ಕೊಡುವವನು ಕ್ರಿಸ್‌ಮಸ್ ಮರುದಿನ ಡ್ರೈವರ್‌ಗಳು ಬರುವುದಿಲ್ಲ, ಆಗುವುದಿಲ್ಲ ಎಂದ. ಬೆಳಗ್ಗೆಯಿಂದ ನಾಲ್ಕು ಕಡೆ ಬೇಡಿಕೊಂಡೆ. ಕೊನೆಗೆ ನಸೀರ್ ತಾನೇ ಬಂದು, "ನಮ್ಮನೇಲಿ ಕ್ರಿಸ್‌ಮಸ್ ಇಲ್ಲ ಆಂಟಿ, ನಾನು ಓಡಿಸ್ತೀನಿ ಅಂತ ಯಜಮಾನಂಗೆ ಹೇಳಿದ್ದೀನಿ. ಆದ್ರೆ ಈದ್ ದಿನ ಪಂದ್ಯ ಇಟ್ರೆ ನೀವು ಓಡಿಸ್ಬೇಕು ಮತ್ತೆ" ಎಂದ. ತಬ್ಬಿಕೊಳ್ಳಬೇಕೆನಿಸಿತು.

ಸಂಜೆ ಮಗಳು ರೋನಾ ಫೋನ್ ಮಾಡಿದಳು. ಅಪ್ಪನ ಮಣ್ಣಾದ ಮೇಲೆ ನಾವಿಬ್ಬರೂ ಸರಿಯಾಗಿ ಮಾತಾಡಿಲ್ಲ. ಆಗಸ್ಟ್ ತಿಂಗಳ ರಜೆಯ ಸೋಮವಾರ ಅವರಿಗೆ ಎದೆನೋವು ಬಂದಾಗ ಇವಳು ದೇಶದ ಆ ತುದಿಯಲ್ಲಿದ್ದಳು. ರಜೆಯೆಂದು ಹಳಿ ರಿಪೇರಿಗೆ ಹಿಡಿದಿದ್ದರು, ರೈಲು ಇರಲಿಲ್ಲ. ಬರುವಷ್ಟರಲ್ಲಿ ಮುಗಿದಿತ್ತು. ಮನಸ್ಸಿದ್ದರೆ ಮಾರ್ಗ ಎಂದು ನಾನು ಅಂದೆ. ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಂಡಳು. ನನಗಿರುವುದು ಅವಳೊಬ್ಬಳೇ.

"ಅಮ್ಮ, ಕ್ರಿಸ್‌ಮಸ್‌ಗೆ ಬರ್ತೀನಿ. ಆ ಪಂದ್ಯಕ್ಕೂ ನಿನ್ನ ಜೊತೆ ಬರ್ತೀನಿ. ಅಪ್ಪ ಎಷ್ಟು ಸಲ ಕರೆದಿದ್ರು, ನಾನು ಒಂದ್ಸಲನೂ ಹೋಗಲಿಲ್ಲ."

"ಬಸ್ಸು ತುಂಬಿದೆಯಲ್ಲೇ."

"ಅಪ್ಪನ ಸೀಟು ಖಾಲಿ ಇದೆ ಅಂದೆಯಲ್ಲ?"

ಕೇಳಿ ಹೇಳುತ್ತೇನೆ ಎಂದೆ. "ಯಾರನ್ನ ಕೇಳ್ಬೇಕು?" ಎಂದಳು. ಸಂಘದವರನ್ನು ಎಂದೆ. ಸಂಘದವರು ಆಲ್ವಿನ್ ಮಗಳಿಗೆ ಇಲ್ಲದ ಸೀಟೇ ಎಂದು ತಕ್ಷಣ ಒಪ್ಪಿದರು. ಇನ್ನು ಇವರನ್ನೂ ಒಂದು ಮಾತು ಕೇಳಬೇಕು.

ಡಿಸೆಂಬರ್ 14

ಎದುರಿನವರ ಮೊದಲ ಗೋಲು ಅಪ್ಪಟ ಆಫ್‌ಸೈಡ್. ನಮ್ಮ ಕೊನೆಯ ರಕ್ಷಣೆಯವನು ಮುಂದೆ ಬಂದಾಗಿತ್ತು, ಅವರ ಹುಡುಗ ಅವನನ್ನು ದಾಟಿ ನಿಂತಿದ್ದ, ಆಮೇಲೆ ಚೆಂಡು ಬಂತು. ಗೆರೆಯ ಮೇಲೆ ಓಡುವ ಆ ಮನುಷ್ಯನಿಗೆ ಕಣ್ಣಿರಲಿಲ್ಲವೇ? ನಮ್ಮ ಎಡಗಡೆಯ ರಕ್ಷಣೆಯಂತೂ ಜರಡಿ. ಅಲ್ಲಿ ಆ ಕೆಂಚುಗೂದಲಿನವನನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೋ.

ವಾಪಸು ಬರುವಾಗ ದಾರಿಯುದ್ದಕ್ಕೂ ಇದೇ ಮಾತು. ವಿಲ್ಫ್ ಹಿಂದಿನಿಂದ ಬಗ್ಗಿ "ಯಾರ ಹತ್ರ ಮಾತಾಡ್ತಿದ್ದೀಯಮ್ಮ?" ಎಂದು ಕೇಳಿದ. ಅವನಿಗೆ ಕಿವಿ ಮಂದ.

ಇಳಿಯುವಾಗ ನಸೀರ್ ಕಿಟಕಿ ಸೀಟಿನ ಬೆಲ್ಟ್ ಬಿಚ್ಚುತ್ತಾ "ಇದನ್ನ ಯಾರು ಹಾಕಿದ್ದು?" ಎಂದು ಗೊಣಗಿದ. ಹಾಕದಿದ್ದರೆ ದಂಡ ಹಾಕುತ್ತಾರೆ ಎಂದೆ.

ಡಿಸೆಂಬರ್ 20

ರೋನಾಗೆ ಸೀಟು ಬಿಟ್ಟುಕೊಡುವ ಬಗ್ಗೆ ಇವರನ್ನು ಕೇಳಿದೆ. ಏನೂ ಹೇಳಲಿಲ್ಲ. ಬೇಜಾರಾದರೆ ಅವರು ಹೀಗೆಯೇ.

ಡಿಸೆಂಬರ್ 24

ರೋನಾ ಬಂದಳು. ರೈಲುಗಳು ನಿಲ್ಲುವ ಮುಂಚಿನ ಕೊನೆಯ ರೈಲಿನಲ್ಲಿ, ನಿಂತುಕೊಂಡೇ ಬಂದಳಂತೆ. ಸೊರಗಿದ್ದಾಳೆ. ಬಾಗಿಲಲ್ಲೇ ನನ್ನನ್ನು ಅಪ್ಪಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಕ್ಷಮಿಸು ಎನ್ನಲು ಬಾಯಿ ತೆರೆದೆ, "ಬೂಟು ಒರೆಸು" ಎಂದೆ.

ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಅವಳು, ಮುಖ ಬಿಳುಚಿಕೊಂಡಿತ್ತು.

"ಅಮ್ಮ, ನೀನು ಈಗ ಯಾರನ್ನೋ ಬೈತಿದ್ದೆ."

"ರೇಡಿಯೋದವನನ್ನ."

"ರೇಡಿಯೋ ಹಾಕಿಲ್ಲ."

"ನನ್ನ ಅಡುಗೆಮನೆಯಲ್ಲಿ ನಾನು ಯಾರನ್ನ ಬೇಕಾದ್ರೂ ಬೈತೀನಿ" ಎಂದೆ. ನಕ್ಕಳು, ಆದರೆ ಕಣ್ಣು ನಗಲಿಲ್ಲ. ಊರು ಬಿಟ್ಟು ತನ್ನ ಜೊತೆ ಕೆಲವು ವಾರ ಇರಲು ಬಾ ಎಂದಳು. ಎರಡು ದಿನ ಕಳೆಯಲಿ, ನೋಡೋಣ ಎಂದೆ. ಇವರನ್ನು ಒಬ್ಬರನ್ನೇ ಬಿಟ್ಟು ಹೇಗೆ ಹೋಗುವುದು?

ಡಿಸೆಂಬರ್ 25

ಊರಿನಲ್ಲಿ ಒಂದು ಚಕ್ರವೂ ಉರುಳುತ್ತಿಲ್ಲ. ಊಟವಾದ ಮೇಲೆ ರೋನಾ ಜೊತೆ ನಡೆಯಲು ಹೋದೆ. ರೈಲ್ವೆ ನಿಲ್ದಾಣದ ಗೇಟಿಗೆ ಬೀಗ. ಬಸ್ ಸ್ಟಾಪುಗಳೆಲ್ಲ ಖಾಲಿ, ಗಾಳಿ ಮಾತ್ರ ಒಂದು ಸ್ಟಾಪಿನಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಸುಖವಾದ ದಿನ. ಹೊಟ್ಟೆ ಬಿರಿಯುವಷ್ಟು ತಿಂದೆವು, ನಕ್ಕೆವು. ಎಷ್ಟು ದಿನವಾಗಿತ್ತು.

ಡಿಸೆಂಬರ್ 26, ಬೆಳಗ್ಗೆ

ಮೂವರಿಗೂ ಸ್ಯಾಂಡ್‌ವಿಚ್ ಕಟ್ಟಿದ್ದೇನೆ. ಕೆಂಚುಗೂದಲಿನವನನ್ನು ಇವತ್ತೂ ಆಡಿಸುತ್ತಾರಂತೆ. ದೇವರೇ ಕಾಪಾಡಬೇಕು.

ಡಿಸೆಂಬರ್ 27, ಬೆಳಗ್ಗೆ

ನಿನ್ನೆ ಬರೆಯಲು ಆಗಲಿಲ್ಲ. ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ.

ಹೋಗುವಾಗ ಕಿಟಕಿ ಪಕ್ಕ ರೋನಾ ಕೂತಳು. ಸೀಟು ಒದ್ದೆ ಒದ್ದೆ, ತಣ್ಣಗಿದೆ ಎಂದು ಎರಡು ಸಲ ಹೇಳಿದಳು. ನನ್ನ ಶಾಲು ಹಾಸಿ ಕೊಟ್ಟೆ. ಪಂದ್ಯ ಚೆನ್ನಾಗಿತ್ತು, ಒಂದೊಂದು ಗೋಲಿನ ಸಮ. ಗೋಲು ಬಿದ್ದಾಗ ಅವಳು ಕುಣಿದು ವಿಲ್ಫ್ ಟೋಪಿ ಬೀಳಿಸಿದಳು. ಅಪ್ಪನದೇ ಅವತಾರ ಎಂದು ಅವನು ಅತ್ತ.

ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು, ಸಮುದ್ರದಿಂದ ಮಂಜು ಏರಿತ್ತು. ಬಸ್ಸು ಹತ್ತಿ ಕೂತ ಮೇಲೆ ರೋನಾ ಫೋನನ್ನು ಚಾರ್ಜಿಗೆ ಸಿಕ್ಕಿಸಿ, "ಅಮ್ಮ, ಟಾಯ್ಲೆಟ್‌ಗೆ ಹೋಗಿ ಬಂದುಬಿಡ್ತೀನಿ, ಎರಡೇ ನಿಮಿಷ" ಎಂದು ಇಳಿದಳು. ಅಷ್ಟರಲ್ಲಿ ಪೊಲೀಸರು ಬಂದು ಬಸ್ಸಿನ ಮೂತಿಯ ಮೇಲೆ ತಟ್ಟಿ, ಹೊರಡಿ ಹೊರಡಿ ಎಂದು ಅವಸರ ಮಾಡಿದರು. ಒಳಗಿನ ದೀಪ ಆರಿಸಿತ್ತು. ನಾನು ಸಾಲು ಸಾಲಿಗೂ ಹೋಗಿ ಕೇಳಿ ಬಂದು ನನ್ನ ಜಾಗದಲ್ಲಿ ಕೂತೆ. ಎಲ್ಲ ಸಾಲಿನವರೂ ಇದ್ದರು.

"ನಿಮ್ಮ ಪಕ್ಕ, ಆಂಟಿ?"

ಕಿಟಕಿಯ ಕಡೆ ತಿರುಗಿ ನೋಡಿದೆ. "ಬಂದಿದ್ದಾರೆ" ಎಂದೆ.

ನೋಡಿಯೇ ಹೇಳಿದೆ. ನನಗೆ ಒಂದಿಷ್ಟೂ ಅನುಮಾನವಿರಲಿಲ್ಲ.

ಹೆದ್ದಾರಿಗೆ ಬಂದೆವು. ಎರಡನೆಯ ಅರ್ಧದ ಬಗ್ಗೆ ಮಾತಾಡುತ್ತಿದ್ದೆವು. ಕೆಂಚುಗೂದಲಿನವನು ಇವತ್ತು ಪರವಾಗಿಲ್ಲ, ತಪ್ಪು ತಿಳಿದಿದ್ದೆ ಎಂದೆ. ಇವರು ಬಸ್ಸಿನಲ್ಲಿ ಯಾವಾಗಲೂ ಚೀಪುವ ಪೆಪ್ಪರ್‌ಮಿಂಟ್ ವಾಸನೆ ಬರುತ್ತಿತ್ತು. ಆಗ ಸೀಟಿನ ಮೇಲೆ ಫೋನ್ ಬಡಿದುಕೊಂಡಿತು. ಬಡಿದುಕೊಳ್ಳುತ್ತಲೇ ಇತ್ತು. "ತೆಗೀರಿ ಅದನ್ನ" ಎಂದೆ. ತೆಗೆಯಲಿಲ್ಲ. ಸಿಟ್ಟಿನಿಂದ ನಾನೇ ತೆಗೆದೆ.

"ಅಮ್ಮ?"

ರೋನಾಳ ದನಿ. ಒಂದು ಕ್ಷಣ ಇವಳು ಎಲ್ಲಿಂದ ಫೋನ್ ಮಾಡುತ್ತಿದ್ದಾಳೆ ಎಂದೇ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿದ್ದಾಳೆ ಎಂದುಕೊಂಡೆ.

"ಅಮ್ಮ, ಇಲ್ಲಿ ಯಾರೋ ನಾಯಿ ಕರ್ಕೊಂಡು ಬಂದೋರ ಫೋನಿಂದ ಮಾಡ್ತಿದ್ದೀನಿ. ನಾನು ಓಡಿ ಬಂದೆ. ಬಾಗಿಲು ತಟ್ಟಿದೆ. ನೀನು ನನ್ನ ಕಡೆನೇ ನೋಡಿದೆ." ಅವಳು ಉಸಿರು ಎಳೆದುಕೊಂಡಳು. "ನನ್ನ ನೋಡಿ, ಆ ಕಡೆ ತಿರುಗಿ ಬಿಟ್ಟೆ."

ನಾನು ಪಕ್ಕಕ್ಕೆ ನೋಡಿದೆ. ಸೀಟಿನ ಮೇಲೆ ನನ್ನ ಶಾಲು ಮಾತ್ರ ಇತ್ತು.

ನಾನು ಕಿರುಚಿದೆನಂತೆ. ನನಗೆ ಗೊತ್ತಾಗಲಿಲ್ಲ. ನಸೀರ್ ಗಾಡಿಯನ್ನು ರಸ್ತೆ ಬದಿಗೆ ತಂದ. "ಅಲ್ಲಾನಾಣೆ ಆಂಟಿ, ನಾನು ಕನ್ನಡೀಲಿ ನೋಡ್ದೆ. ಕಿಟಕಿ ಪಕ್ಕ ತಲೆ ಕಾಣಿಸ್ತು. ಇಲ್ದಿದ್ರೆ ಬಿಡ್ತಿದ್ನಾ?" ವಿಲ್ಫ್ ನನ್ನ ಹಿಂದೆಯೇ ಕೂರುವವನು. ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದ. ಹಿಂದಿನಿಂದ ಯಾರೋ "ಟ್ಯಾಕ್ಸಿ ಹಿಡ್ಕೊಂಡು ಬರ್ಲಿ ಬಿಡ್ರಪ್ಪ" ಎಂದಾಗ ತಿರುಗಿ, "ಇವತ್ತು ಟ್ಯಾಕ್ಸಿ ನಿಮ್ಮಪ್ಪ ಓಡಿಸ್ತಾನೇನೋ? ತಿರುಗಿಸು ನಸೀರ್" ಎಂದ.

ತಿರುಗಿಸಲು ಮುಂದಿನ ಕೂಡುರಸ್ತೆಯ ತನಕ ಹೋಗಬೇಕಾಯಿತು. ಅಷ್ಟು ದೂರವೂ ನಾವು ಅವಳಿಂದ ದೂರಕ್ಕೇ ಹೋಗುತ್ತಿದ್ದೆವು. ನಾಯಿಯವನು ಫೋನ್ ತೆಗೆದುಕೊಂಡು ಹೋಗಿಬಿಟ್ಟಿದ್ದ. ನಾನು ಅದೇ ನಂಬರಿಗೆ ಮತ್ತೆ ಮಾಡಿದಾಗ, "ಅವರು ಬಸ್ ಸ್ಟಾಪಿನಲ್ಲಿ ಕೂತರು. ಇವತ್ತು ಬಸ್ಸಿಲ್ಲ ಅಂದೆ. ಪರವಾಗಿಲ್ಲ, ಜೊತೆಗೆ ಇನ್ನೊಬ್ಬರು ಕಾಯ್ತಿದ್ದಾರಲ್ಲ ಅಂತ ನಾನು ಹೊರಟೆ" ಎಂದ. ಆ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ದಾರಿಯುದ್ದಕ್ಕೂ ಒಂದೇ ಬೇಡಿಕೊಂಡೆ, ಅವಳನ್ನು ಕೊಡು ಎಂದು. ಯಾರನ್ನು ಬೇಡಿದೆನೋ ನನಗೇ ಗೊತ್ತಿಲ್ಲ.

ಮೈದಾನದ ಸುತ್ತ ದೀಪ ಆರಿತ್ತು, ಗೇಟಿಗೆ ಬೀಗ. ಎದುರು ರಸ್ತೆಯ ಬಸ್ ಸ್ಟಾಪಿನಲ್ಲಿ ರೋನಾ ಒಬ್ಬಳೇ, ಬೆಂಚಿನ ಒಂದು ತುದಿಗೆ ಒತ್ತಿಕೊಂಡು ಕೂತಿದ್ದಳು. ಅವಳ ಪಕ್ಕದಲ್ಲಿ ಜಾಗ ಬೇಕಾದಷ್ಟಿತ್ತು. ನಾನು ಇಳಿದು ಹೋಗಿ ಕೈ ಹಿಡಿದರೆ ಐಸ್ ಕಡ್ಡಿ ಹಿಡಿದ ಹಾಗಿತ್ತು. ಬೈಯಲಿಲ್ಲ, ಅಳಲಿಲ್ಲ. ಬಸ್ಸು ಹತ್ತಿ, ಸೀಟಿನ ಮುಂದೆ ನಿಂತಳು.

"ಅಲ್ಲಿ ನಾನು ಕೂರಲ್ಲ ಅಮ್ಮ."

"ನಿಂದೇ ಸೀಟು ಕಣೆ."

"ಅಲ್ಲ." ಅಷ್ಟೇ ಹೇಳಿದಳು.

ಬಾಗಿಲು ಮುಚ್ಚಿತು. ನಸೀರ್ ಕನ್ನಡಿಯನ್ನು ನೋಡಲೇ ಇಲ್ಲ, ಇಡೀ ಮೈ ತಿರುಗಿಸಿ ನನ್ನನ್ನೇ ನೋಡಿ ಕೇಳಿದ. "ಆಂಟಿ. ನಿಮ್ಮ ಪಕ್ಕ?"

ನಾನು ಕಿಟಕಿ ಸೀಟಿನ ಕಡೆ ನೋಡಿದೆ. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಅವರು ಕೇಳುತ್ತಾರೆ ಎಂದು ಗೊತ್ತಿತ್ತು. "ಏಳಿ" ಎಂದೆ. "ಇದು ಮಗೂ ಜಾಗ. ನೀವು ಏಳಿ." ಇಷ್ಟು ಕಷ್ಟದ ಮಾತನ್ನು ನಾನು ಅವರಿಗೆ ಯಾವತ್ತೂ ಹೇಳಿರಲಿಲ್ಲ.

ಮುಚ್ಚಿದ ಬಾಗಿಲು ಬುಸ್ ಎಂದು ತೆರೆಯಿತು. ಚಳಿ ಒಳಗೆ ಬಂತು. ನಸೀರ್ ಎರಡೂ ಕೈ ಮೇಲೆತ್ತಿ ತೋರಿಸಿದ, ತಾನು ಮುಟ್ಟಿಲ್ಲವೆಂದು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ಮುಚ್ಚಿಕೊಂಡಿತು.

ನಾನು ರೋನಾಳನ್ನು ಎಳೆದು ಕೂರಿಸಿದೆ. ಸೀಟು ಬೆಚ್ಚಗಿತ್ತು.

"ಬಂದಿದ್ದಾಳೆ. ನನ್ನ ಮಗಳು ರೋನಾ ಬಂದಿದ್ದಾಳೆ. ಹೊರಡಪ್ಪ."

ಬಸ್ಸು ತಿರುಗುವಾಗ ಅವಳು ಕಿಟಕಿಯ ಮಂಜನ್ನು ಒರೆಸಿ ಹೊರಗೆ ನೋಡಿ, ನನ್ನ ತೋಳು ಹಿಡಿದಳು. "ಅಮ್ಮ. ಆ ಸ್ಟಾಪಲ್ಲಿ ಯಾರೋ ಕೂತಿದ್ದಾರೆ."

ನಾನೂ ನೋಡಿದೆ. ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು, ಕತ್ತು ಸ್ವಲ್ಪ ಎಡಕ್ಕೆ, ಆಲ್ವಿನ್ ಕೂರುತ್ತಿದ್ದ ಹಾಗೆಯೇ. ಈ ಬಸ್ಸು ಯಾರನ್ನೂ ಬಿಟ್ಟು ಬಂದಿರಲಿಲ್ಲ. ನಿಲ್ಲಿಸು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ವಿಲ್ಫ್ ಹಿಂದಿನಿಂದ ನನ್ನ ಭುಜದ ಮೇಲೆ ಕೈಯಿಟ್ಟ. ಅವನೂ ನೋಡುತ್ತಿದ್ದ.

"ಅವರಿಗೆ ನಾಳೆ ಬಸ್ಸಿದೆ" ಎಂದೆ.

ಡಿಸೆಂಬರ್ 27, ಮಧ್ಯಾಹ್ನ

ಬೆಳಗ್ಗೆಯಿಂದ ರೈಲು, ಬಸ್ಸು ಎಲ್ಲ ಶುರುವಾಗಿವೆ. ಸಂಜೆಯ ರೈಲಿಗೆ ರೋನಾ ಜೊತೆ ಹೊರಡುತ್ತೇನೆ. ಪೆಟ್ಟಿಗೆ ಕಟ್ಟಿಯಾಯಿತು. ವಾಪಸು ಯಾವಾಗ ಎಂದು ವಿಲ್ಫ್ ಕೇಳಿದ, ಗೊತ್ತಿಲ್ಲ ಎಂದೆ.

ಈಗ ಸ್ವಲ್ಪ ಹೊತ್ತಿನ ಮುಂಚೆ ನಮ್ಮ ಬೀದಿಯ ಸ್ಟಾಪಿನಲ್ಲಿ ಬಸ್ಸೊಂದು ನಿಂತಿತು. ಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು. ಆಮೇಲೆ ನಮ್ಮ ಗೇಟಿನ ಕೊಂಡಿ ಸರಿದ ಸದ್ದು. ರೋನಾ ಪರದೆ ಸರಿಸಲು ಎದ್ದಳು, ನಾನು ಅವಳ ಕೈ ಹಿಡಿದು ಕೂರಿಸಿಕೊಂಡೆ. ಬೆಲ್ ಒಂದು ಸಲ ಬಡಿಯಿತು, ಮೆಲ್ಲಗೆ, ಬೀಗದ ಕೈ ಮರೆತು ಬಂದವರು ಸಂಕೋಚದಿಂದ ಬಾರಿಸುವ ಹಾಗೆ. ನನಗೆ ಅಳು ಬಂತು, ಅತ್ತೆ. ಎದ್ದು ಹೋಗಿ ಬಾಗಿಲು ತೆಗೆಯಲಿಲ್ಲ.